ಡೀಸೆಲ್ ವಾಸನೆಯ ನೀರು

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಕಿರಿಮಗಳು ರೇಣುಕಾ ಇವತ್ತು ಬೆಳಿಗ್ಗೆ ನಮ್ಮೂರ ಬಾವಿಯಲ್ಲೇ ಗಂಗೆ ಪೂಜೆ ಮಾಡಿದಳು. ಹೌದು, ನಮ್ಮೂರ ಬಾವಿಯಲ್ಲೇ. ತನ್ನ ಕೈಯಾರೆ ಹಗ್ಗ ಬಿಟ್ಟು, ಕೊಡ ಮುಳುಗಿಸಿ, ನೀರು ಸೇದಿ, ಸೊಂಟದ ಮೇಲಿಟ್ಟುಕೊಂಡು ಮನೆಗೆ ತಂದಳು. ತೊಟ್ಟಿಲಲ್ಲಿ ನನ್ನ ಮೊಮ್ಮಗ ಕಿರುಚಿ ಅಳುತ್ತಿದ್ದ. ಅಳಲಿ ಬಿಡು, ಮೊದಲು ಕೊಡ ಇಳಿಸು ಅಂದೆ. ಕೊಡ ಇಳಿಸುವಾಗ ಒಂದಿಷ್ಟು ನೀರು ತುಳುಕಿ ಹೊಸ್ತಿಲ ಮೇಲೆ ಚೆಲ್ಲಿತು. ನಾನು ಅದನ್ನು ಒರೆಸಲಿಲ್ಲ. ಅದು ಒಣಗುವವರೆಗೂ ನೋಡುತ್ತ ಕೂತೆ.

ನಾನು ಓದಿದ್ದು ಮೂರನೇ ಈಯತ್ತೆ. ದೊಡ್ಡ ಮಾತು ಬರೆಯಲು ನನಗೆ ಬರುವುದಿಲ್ಲ. ಆದರೆ ಇವತ್ತು ಎದೆ ತುಂಬಿ ಬಂದಿದೆ, ಯಾರಿಗಾದರೂ ಹೇಳದೆ ಇರಲಾರೆ.

ನಮ್ಮ ಕಡೆ ಬಾಣಂತಿಯಾದವಳು ಗಂಗೆ ಪೂಜೆ ಆಗುವವರೆಗೆ ನೀರಿನ ಕೊಡ ಮುಟ್ಟುವಂತಿಲ್ಲ, ಒಲೆ ಮುಂದೆ ಕೂರುವಂತಿಲ್ಲ, ಗಂಡನ ಮನೆಗೆ ಹೋಗುವಂತೆಯೂ ಇಲ್ಲ. ಬಾವಿ ಕಟ್ಟೆಯ ಮೇಲೆ ಐದು ಹರಳು ತೊಳೆದು ಸಾಲಾಗಿಟ್ಟು, ಅರಿಸಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಬಂದ ಮುತ್ತೈದೆಯರ ಉಡಿಗೆ ಗುಗ್ಗರಿ ಹಾಕಬೇಕು. ಆಮೇಲೆ ಅವಳು ಒಂದು ಕೊಡ ನೀರು ಸೇದಿ ಮನೆಗೆ ತರಬೇಕು. ಅಷ್ಟೇ. ಇದರಲ್ಲಿ ದೊಡ್ಡದೇನಿದೆ ಎಂದು ಯಾರಾದರೂ ಕೇಳಬಹುದು. ಬಾವಿಯಲ್ಲಿ ನೀರಿದ್ದವರಿಗೆ ದೊಡ್ಡದೇನೂ ಇಲ್ಲ.

ರೇಣುಕಾ ಹಗ್ಗ ಬಿಡುವ ಹೊತ್ತಿಗೆ ಪಕ್ಕದ ಹೊಲದವರು ಟ್ರ್ಯಾಕ್ಟರ್ ಚಾಲೂ ಮಾಡಿದರು. ಗಾಳಿ ಇತ್ತ ಕಡೆಗೇ ಇತ್ತು. ಡೀಸೆಲ್ ಹೊಗೆ ಮೂಗಿಗೆ ಬಂದದ್ದೇ ತಡ, ಕುಂಕುಮದ ಭರಣಿ ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು. ಹಿರಿಮಗಳು ಚೆನ್ನವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನೆನಪಾಗಿದ್ದು ಅವಳ ಬಾಣಂತನದ ವರ್ಷ.

ನಮ್ಮೂರು ಹರಪನಹಳ್ಳಿಯಿಂದ ಹಲವಾಗಲು ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಊರ ಪಡುವಣಕ್ಕೆ ಬೋರುಗುಡ್ಡ, ಅದರ ತುಂಬ ಸುಣ್ಣದ ಕಲ್ಲು. ನಾನು ಮದುವೆಯಾಗಿ ಬಂದಾಗ ಊರವರು ದೀಪಾವಳಿಗೆ ಮುಂಚೆ ಅಲ್ಲಿಂದ ಒಂದೆರಡು ಬಂಡಿ ಕಲ್ಲು ತಂದು ಸುಟ್ಟು, ಗೋಡೆಗೆ ಬಳಿಯಲು, ಎಲೆಗೆ ಹಚ್ಚಲು ಸುಣ್ಣ ಮಾಡಿಕೊಳ್ಳುತ್ತಿದ್ದರು. ಆಮೇಲೆ ದೂರದ ಊರಿನ ಸಾಹುಕಾರರೊಬ್ಬರು ಗುಡ್ಡವನ್ನು ಲೀಸಿಗೆ ಹಿಡಿದರು. ಕಂಪ್ರೆಸರ್ ಬಂತು, ಲಾರಿ ಬಂದವು. ಕಲ್ಲು ಎಲ್ಲಿಯದೋ ಕಾರ್ಖಾನೆಗೆ ಹೋಗತೊಡಗಿತು.

ಮಧ್ಯಾಹ್ನ ಸಿಡಿಮದ್ದಿನ ಹೊತ್ತು. ಸೀಟಿ ಊದಿ ಕೆಂಪು ಬಟ್ಟೆ ಎತ್ತಿದರೆ ಗುಡ್ಡದ ಕಡೆಯ ಓಣಿಯವರೆಲ್ಲ ಕೂಸುಕುನ್ನಿ ಎತ್ತಿಕೊಂಡು ಬೇವಿನ ಮರದ ಕೆಳಗೆ ಬಂದು ಕೂರುತ್ತಿದ್ದೆವು. ಧಡಾರ್ ಅಂದಾಗ ಕಾಲ ಕೆಳಗೆ ನೆಲ ಒಮ್ಮೆ ಮಗ್ಗಲು ಬದಲಿಸಿದ ಹಾಗಾಗುತ್ತಿತ್ತು. ಮೊದಮೊದಲು ಗೂಡಿನಲ್ಲಿಟ್ಟ ಹಿತ್ತಾಳೆ ಚರಿಗೆಗಳು ಉರುಳಿ ಬಿದ್ದವು. ಆಮೇಲೆ ನಾವೇ ರೂಢಿ ಮಾಡಿಕೊಂಡೆವು: ಅಡುಗೆ ಮುಗಿದ ಕೂಡಲೇ ಪಾತ್ರೆಗಳನ್ನೆಲ್ಲ ನೆಲಕ್ಕಿಳಿಸಿ ಇಡುವುದು. ಜೋಳದ ಗರಿಯ ಮೇಲೆ ಬಿಳಿ ಧೂಳು ಕೂತಿರುತ್ತಿತ್ತು. ಜಾಡಿಸದೆ ಹಾಕಿದರೆ ಎಮ್ಮೆ ಮೂತಿ ಹಚ್ಚುತ್ತಿರಲಿಲ್ಲ.

ಆದರೂ ಕ್ವಾರಿಯನ್ನು ಬಾಯಿ ತುಂಬ ಬೈದವರು ಊರಲ್ಲಿ ಯಾರೂ ಇರಲಿಲ್ಲ. ಅದಕ್ಕೆ ಮುಂಚೆ ಸುಗ್ಗಿ ಮುಗಿಯಿತು ಅಂದರೆ ಗಂಡಸರು ದುಡಿಯಲು ದೇಶಾಂತರ ಹೋಗುತ್ತಿದ್ದರು. ಈಗ ರಾತ್ರಿ ಊಟಕ್ಕೆ ಮನೆಯಲ್ಲೇ ಇರುತ್ತಿದ್ದರು. ಬೈದರೆ ಉಣ್ಣುವ ಅನ್ನವನ್ನೇ ಬೈದ ಹಾಗೆ.

ನಮ್ಮ ಮನೆಯವರದು ಇಂಜಿನ್ ಕೆಲಸ. ಗುಂಡಿ ಆಳವಾದ ಹಾಗೆ ಕಲ್ಲಿನ ಗೋಡೆಯ ಸಂದಿನಿಂದ ನೀರು ಬರತೊಡಗಿತ್ತು. ಆ ನೀರನ್ನು ಡೀಸೆಲ್ ಇಂಜಿನ್ ಹಚ್ಚಿ ಮೇಲೆತ್ತಿ ಹಳ್ಳಕ್ಕೆ ಬಿಡಬೇಕು, ಇಲ್ಲದಿದ್ದರೆ ಕೆಳಗೆ ಕೆಲಸ ನಡೆಯುವುದಿಲ್ಲ. ಹಗಲೆಲ್ಲ ಆ ಇಂಜಿನ್ನಿನ ಗುದ್ದು ಊರಿಗೆ ಕೇಳುತ್ತಿತ್ತು. ಊರಲ್ಲಿ ಅವರ ಹೆಸರೇ ಇಂಜಿನ್ ಕೊಟ್ರಪ್ಪ ಅಂತಾಯಿತು. ನಾನು ಇಂಜಿನ್ ಕೊಟ್ರಪ್ಪನ ಹೆಂಡತಿ.

ಚೆನ್ನವ್ವ ಚೊಚ್ಚಲ ಹೆರಿಗೆಗೆ ಬಂದದ್ದು ಬೇಸಿಗೆಯಲ್ಲಿ. ಬಾವಿಯ ನೀರು ಕೆಳಗಿಳಿದಿತ್ತು. ಬೇಸಿಗೆಯಲ್ಲಿ ಇಳಿಯುತ್ತದೆ, ಮಳೆಗೆ ಏರುತ್ತದೆ ಅಂದುಕೊಂಡೆವು. ಆ ವರ್ಷ ಮಳೆಗೇನೂ ಕಡಿಮೆ ಇರಲಿಲ್ಲ. ಮಿರಗ ಮಳೆ ಚೆನ್ನಾಗಿಯೇ ಬಂತು, ಹೊಲಗಳು ಹಸಿರಾದವು, ಎತ್ತು ಕೆಸರಲ್ಲಿ ಹೂತುಹೋಗುವಷ್ಟು ಬಂತು. ಬಾವಿ ಮಾತ್ರ ಏರಲಿಲ್ಲ. ಮೇಲೆ ಮಳೆ ಹೊಯ್ಯುತ್ತಿದೆ, ತಲೆಗೆ ಗೋಣಿಚೀಲ ಹೊದ್ದುಕೊಂಡು ನಾವು ಹಗ್ಗಕ್ಕೆ ಹಗ್ಗ ಗಂಟು ಹಾಕಿ ಕೊಡ ಇಳಿಸುತ್ತಿದ್ದೇವೆ, ಕೆಳಗೆ ಕೊಡ ಕಲ್ಲಿಗೆ ಬಡಿದ ಸದ್ದು ಬರುತ್ತಿದೆ. ಅಂಥ ಮಳೆಗಾಲವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಒಂದು ದಿನ ಬಾವಿ ಕಟ್ಟೆಯ ಮೇಲೆ ಪಕ್ಕದ ಮನೆಯ ಗೌರವ್ವ ಅಂದಳು, "ನಿನ್ನ ಗಂಡಗ ಹೇಳಬೇ, ಆ ಇಂಜಿನ್‌ಗೆ ಒಂದೆರಡು ದಿನ ಜ್ವರ ಬರ್ಲಿ ಅಂತ."

ಅವಳ ಗಂಡ ಅದೇ ಕ್ವಾರಿಯಲ್ಲಿ ಕಂಪ್ರೆಸರ್ ಹಚ್ಚಿ ಮದ್ದಿಗೆ ಕುಳಿ ಹೊಡೆಯುವವನು. "ನಿನ್ನ ಗಂಡನ ಕಂಪ್ರೆಸರ್‌ಗೂ ಬರ್ಲಿ ಬಿಡು, ಎರಡಕ್ಕೂ ಕೂಡಿ ಕಷಾಯ ಕಾಸೋಣು," ಅಂದೆ. ಇಬ್ಬರೂ ನಕ್ಕೆವು. ನಕ್ಕು, ಅರ್ಧರ್ಧ ಕೊಡ ರಾಡಿ ನೀರು ಹೊತ್ತು ಮನೆಗೆ ಬಂದೆವು.

ಮನೆಯವರಿಗೆ ನಾನು ಹೇಳದೆ ಇರಲಿಲ್ಲ. ಅವರು ರೊಟ್ಟಿ ಮುರಿಯುತ್ತ, "ನಾ ಬಿಟ್ರ ನಾಳಿ ಇನ್ನೊಬ್ಬ ಹ್ಯಾಂಡಲ್ ತಿರುವ್ತಾನ. ಇಂಜಿನ್ ನಿಲ್ಲಂಗಿಲ್ಲ, ನಮ್ಮ ಒಲಿ ನಿಲ್ತೈತಿ," ಅಂದರು.

ಅವರಿಂದ ಆದದ್ದು ಒಂದೇ. ಸಂಜೆ ಇಂಜಿನ್ ನಿಲ್ಲಿಸುವ ಮುಂಚೆ ಪೈಪಿನ ಬಾಯಿಗೆ ಕ್ಯಾನು ಹಿಡಿದು ತುಂಬಿಸಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು. ಅದು ಡೀಸೆಲ್ ತರುತ್ತಿದ್ದ ಹಳೆಯ ಕ್ಯಾನು. ಬೂದಿ ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಬಿಸಿಲಿಗೆ ಬೋರಲು ಹಾಕಿದೆ. ವಾಸನೆ ಹೋಗಲಿಲ್ಲ. ಅನ್ನ ಅದೇ ವಾಸನೆ, ಸಾರು ಅದೇ ವಾಸನೆ. ಅದೇ ನೀರು ಕಾಯಿಸಿ ಬಾಣಂತಿಗೂ ಕೂಸಿಗೂ ಎರೆದೆ. ಮನೆಯವರು ಲೋಟ ಎತ್ತಿದರೆ ಮೊದಲು ಮೂಗಿನ ಹತ್ತಿರ ತಂದು ಮೂಸಿ, ಆಮೇಲೆ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಹುಟ್ಟಿದ ಕೂಸಿನ ನೆತ್ತಿ ಮೂಸುವುದು ಅಂದರೆ ಅಜ್ಜಿಯಾದವಳಿಗೆ ಎಂಥ ಸುಖ. ನನ್ನ ಮೊದಲ ಮೊಮ್ಮಗಳ ನೆತ್ತಿ ಮೂಸಿದರೆ ಇಂಜಿನ್ ವಾಸನೆ.

ಆಗ ಊರ ಹಿರಿಯರು ಕೂಡಿದರು. ಹಾಲಪ್ಪಜ್ಜ ಅಂತ ಒಬ್ಬರಿದ್ದರು, ಹಿಂದೆ ಸುಣ್ಣ ಸುಡುತ್ತಿದ್ದವರು. ಸುಟ್ಟ ಸುಣ್ಣದ ಕಲ್ಲಿನ ಮೇಲೆ ನೀರು ಹಾಕಿದರೆ ಅದು ಗಟಗಟ ಕುಡಿಯುವುದನ್ನು ಜನ್ಮವೆಲ್ಲ ನೋಡಿದವರು. ಅವರು ಹೇಳಿದರು, ಬಾವಿಯ ತಳದ ಸುಣ್ಣದ ಕಲ್ಲು ನೀರನ್ನೆಲ್ಲ ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಂಡಿದೆ, ಆ ಕಲ್ಲನ್ನು ಒಡೆದರೆ ನೀರು ಬಿಡುತ್ತದೆ ಅಂತ. ಎಲ್ಲರಿಗೂ ಸರಿ ಅನ್ನಿಸಿತು. ನನಗೂ ಅನ್ನಿಸಿತು. ಸುಣ್ಣ ನೀರು ಕುಡಿಯುವುದನ್ನು ನಾವೆಲ್ಲ ನೋಡಿದವರೇ ಅಲ್ಲವೇ. ಕಲ್ಲು ಒಡೆಯಲು ಮದ್ದು ಬೇಕು, ಮದ್ದು ಇರುವುದು ಕ್ವಾರಿಯಲ್ಲಿ. ಹಿರಿಯರು ಸಾಹುಕಾರರನ್ನೇ ಹೋಗಿ ಬೇಡಿಕೊಂಡರು.

ಅವರು ಒಂದೇ ಮಾತಿಗೆ ಹೂಂ ಅಂದರು. ಊರಿಗೆ ಧರ್ಮದ ಕೆಲಸ, ಒಂದು ರೂಪಾಯಿ ಬೇಡ ಅಂದರು. ತಾವೇ ಕಾರಿನಲ್ಲಿ ಬಂದರು. ನಾವು ಡೊಳ್ಳು ಬಾರಿಸಿ ಕರೆದುಕೊಂಡು ಬಂದು, ಬಾವಿ ಕಟ್ಟೆಯ ಮೇಲೆ ಕೂರಿಸಿ, ಪೇಟ ಸುತ್ತಿ, ಶಾಲು ಹೊದಿಸಿ, ಸೇವಂತಿಗೆ ಹಾರ ಹಾಕಿದೆವು. ಆರತಿ ತಟ್ಟೆ ಹಿಡಿದವರಲ್ಲಿ ನಾನೂ ಒಬ್ಬಳು. ಗೌರವ್ವನ ಗಂಡ ಬಾವಿಗಿಳಿದು ಕುಳಿ ಹೊಡೆದ. ಮದ್ದು ಸಿಡಿಯಿತು. ಹೊಗೆ ಇಳಿದ ಮೇಲೆ ಬಗ್ಗಿ ನೋಡಿದರೆ ತಳದಲ್ಲಿ ನೀರು ಬುಳುಬುಳು ಏಳುತ್ತಿದೆ, ಹಾಲಿನ ಹಾಗೆ ಬೆಳ್ಳಗೆ. ಹೆಣ್ಣುಮಕ್ಕಳು ಕಾಯಿ ಒಡೆದರು. ಹಾಲಪ್ಪಜ್ಜ ಆ ನೀರನ್ನು ಬೊಗಸೆಯಲ್ಲಿ ಹಿಡಿದು ತಲೆಗೆ ತಳಿದುಕೊಂಡರು. ಬಾಣಂತಿ ಚೆನ್ನವ್ವನಿಗೆ ಓಡಿ ಬಂದು ಹೇಳಿದೆ, ನಿನ್ನ ಗಂಗೆ ಪೂಜೆಗೆ ಹಾಲೇ ಬಂತು ಕಣವ್ವ ಅಂತ.

ಮರುದಿನ ಬೆಳಕು ಹರಿದಾಗ ಬಾವಿಯಲ್ಲಿ ಒಂದು ಹನಿ ಇರಲಿಲ್ಲ. ಮೊದಲಿದ್ದ ರಾಡಿಯೂ ಇರಲಿಲ್ಲ. ತಳದಲ್ಲಿ ಕೈ ತೂರುವಷ್ಟು ಅಗಲದ ಒಂದು ಬಿರುಕು ಮಾತ್ರ ಇತ್ತು.

ಆ ಸಂಜೆ ಮನೆಯವರು ಕ್ಯಾನು ಇಳಿಸಿ ಮುಚ್ಚಳ ತೆಗೆದರು. ಒಳಗೆ ನೀರು ಬೆಳ್ಳಗಿತ್ತು.

"ಹೊತ್ತು ಮೂಡಿದಾಗಿಂದ ಸಂದಿನ್ಯಾಗ ಇದ ಬರಾಕತ್ತೈತಿ," ಅಂದರು. "ದಿನಾ ತಿಳಿನೀರು ಬರ್ತಿತ್ತು. ಇವತ್ತು ಹಾಲು. ನಮ್ಮ ಬಾವಿದು. ನನ್ನ ಕೈಲೇ ಹಳ್ಳಕ್ಕ ಚೆಲ್ಲಿ ಬಂದೆ."

ಹಾಲಪ್ಪಜ್ಜನ ಮನೆಗೆ ಹೋಗಿ ಅವರಿಗೂ ತೋರಿಸಿದರು. ಅಜ್ಜ ಕ್ಯಾನಿನಲ್ಲಿ ಬೆರಳು ಅದ್ದಿ ನೋಡಿ, ಯಾರ ಮುಂದೆಯೂ ಅನ್ನಬೇಡಪ್ಪ ಅಂದರಂತೆ. ಬೇಡಿಕೊಂಡವರು ನಾವು, ಪೇಟ ಸುತ್ತಿದವರು ನಾವು, ಈಗ ಯಾವ ಬಾಯಿಂದ ಕೇಳೋಣ ಅಂದರಂತೆ. ಆದರೆ ಇಂಥದ್ದು ಮುಚ್ಚಿಟ್ಟರೆ ನಿಲ್ಲುತ್ತದೆಯೇ. ಎರಡು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಗೊತ್ತಾಗಿ ಏನೂ ಆಗಲಿಲ್ಲ. ಸಾಹುಕಾರರು ದಿನಾ ಒಂದು ಟ್ಯಾಂಕರ್ ನೀರು ಕಳಿಸಿದರು. ನಾವು ಕೊಡಗಳನ್ನು ಸಾಲಿಗಿಟ್ಟು ಕಾದೆವು. ತಪ್ಪು ಯಾರದು ಅಂತ ಬೆರಳು ಮಾಡಿದರೆ ಅದು ಸುತ್ತಿ ಬಂದು ನಮ್ಮ ಎದೆಗೇ ತಾಗುತ್ತಿತ್ತು. ಹಾಲಪ್ಪಜ್ಜ ಆಮೇಲೆ ಎಲೆಗೆ ಸುಣ್ಣ ಹಚ್ಚುವುದನ್ನೇ ಬಿಟ್ಟರು.

ಅಷ್ಟರಲ್ಲಿ ಮಾಗಳದಿಂದ ಬೀಗರು ಹೇಳಿ ಕಳಿಸಿದರು, ಶ್ರಾವಣ ಹುಟ್ಟುವ ಮುಂಚೆ ಸೊಸೆಯನ್ನೂ ಕೂಸನ್ನೂ ಕರೆದೊಯ್ಯುತ್ತೇವೆ ಅಂತ. ಮಾಗಳ ಅಂದರೆ ಹೊಳೆ ದಂಡೆಯ ಊರು. ಮನೆಯ ಹಿತ್ತಲಿಗೆ ತುಂಗಭದ್ರೆ. ನಮ್ಮ ಬೀಗತಿಗೆ ಮೊದಲೇ ಮಾತಿನ ಮೊನಚು. ಗುಡ್ಡದ ನಾಡಿನ ಹೆಣ್ಣು ತಂದೆವು, ನೀರು ಕಂಡರೆ ಬೆದರುತ್ತಾಳೆ ಅಂತ ಚೆನ್ನವ್ವನನ್ನು ಕಾಡಿಸುತ್ತಿದ್ದವಳು. ಬಾವಿಯಲ್ಲಿ ನೀರಿಲ್ಲ, ಗಂಗೆ ಪೂಜೆ ಆಗಿಲ್ಲ ಅಂತ ಅವಳ ಮುಂದೆ ಹೇಗೆ ಹೇಳಲಿ. ಪೂಜೆ ಇಲ್ಲದೆ ಕಳಿಸಿದರೆ ನನ್ನ ಮಗಳು ಆ ಮನೆಯಲ್ಲಿ ಕೊಡ ಮುಟ್ಟುವಾಗಲೆಲ್ಲ ಮಾತು ಕೇಳಬೇಕು. ಟ್ಯಾಂಕರ್‌ಗೆ ಪೂಜೆ ಮಾಡೋಣವೇ ಅಂದೆ. ಚೆನ್ನವ್ವ ಕೂಸಿಗೆ ಹಾಲು ಕುಡಿಸುತ್ತಿದ್ದವಳು ತಲೆ ಎತ್ತದೆ ಅಂದಳು, "ಯವ್ವಾ, ಲಾರಿ ಗಾಲಿಗೆ ಕುಂಕುಮ ಹಚ್ಚಂದ್ರ ನಾ ಹಚ್ಚಂಗಿಲ್ಲ."

ಮನೆಯವರು ಮೂಲೆಯಲ್ಲಿ ಕೂತಿದ್ದರು. ಅಲ್ಲಿಂದಲೇ ಅಂದರು, "ಗಂಗವ್ವ ಎಲ್ಲಿ ಅದಾಳ ಅನ್ನೋದು ನನಗ ಗೊತ್ತೈತಿ. ಅಲ್ಲಿಗೇ ಹೋಗೋಣ ನಡೀರಿ."

ಹಾಗೆ ನಾವು ಕ್ವಾರಿಗಿಳಿದೆವು. ಸೊಸೆಯನ್ನು ಕರೆದೊಯ್ಯಲು ಬಂದಿದ್ದ ಬೀಗತಿ, ನಾನು, ಗೌರವ್ವ, ಓಣಿಯ ಮುತ್ತೈದೆಯರು, ನಡುವೆ ಸೆರಗು ಹೊದ್ದ ಚೆನ್ನವ್ವ, ಅವಳ ಎದೆಗೆ ಕೂಸು. ಮಧ್ಯಾಹ್ನದ ಮದ್ದು ಮುಗಿದು ಧೂಳು ಅಡಗಿತ್ತು. ಲಾರಿ ಇಳಿಯುವ ದಾರಿಯಲ್ಲಿ ಬರಿಗಾಲಲ್ಲಿ ನಡೆದೆವು. ಎರಡೂ ಕಡೆ ಬಿಳಿ ಗೋಡೆ. ಕೆಳಗಿನಿಂದ ನೋಡಿದರೆ ಆಕಾಶ ಒಂದು ತಟ್ಟೆಯಷ್ಟು. ಆ ಗುಂಡಿಯ ಒಳಗನ್ನು ಊರ ಹೆಂಗಸರು ಅವತ್ತೇ ಮೊದಲು ನೋಡಿದ್ದು. ಗೌರವ್ವ ನನ್ನ ಕೈ ಹಿಡಿದುಕೊಂಡು, ನನ್ನ ಗಂಡ ದಿನಾ ಇಲ್ಲಿಗೆ ಬರ್ತಾನೇನು ಅಂತ ಕೇಳಿದಳು.

ಅಲ್ಲಿನ ಸೂಪರ್‌ವೈಸರ್ ಬೇರೆ ಕಡೆಯವನು, ಚಿಕ್ಕ ವಯಸ್ಸು, ಕೆಟ್ಟವನಲ್ಲ. ನಮ್ಮನ್ನು ನೋಡಿ ಚಪ್ಪಲಿ ಬಿಟ್ಟು ನಿಂತ. "ಜಾಸ್ತಿ ಹೊತ್ತು ನಿಲ್ಸೋಕಾಗಲ್ಲ ಅಮ್ಮಾ. ನೀರು ಏರಿದ್ರೆ ಮಷೀನು ಮುಳುಗ್ತವೆ," ಅಂದ. ಮನೆಯವರು ಇಂಜಿನ್ ನಿಲ್ಲಿಸಿದರು.

ಆ ನಿಶ್ಶಬ್ದ ನನಗೆ ಇವತ್ತಿಗೂ ಕಿವಿಯಲ್ಲಿದೆ. ಎಷ್ಟೋ ತಿಂಗಳಿಂದ ಆ ಗುದ್ದು ಕೇಳಿ ಕೇಳಿ ಅದು ನಮ್ಮ ಎದೆಯ ಬಡಿತವೇ ಆಗಿಹೋಗಿತ್ತು. ಅದು ನಿಂತಾಗ ಸಂದಿನಿಂದ ನೀರು ಜಾರುವ ಸದ್ದು ಕೇಳಿಸಿತು. ನಮ್ಮ ಬಾವಿಯಲ್ಲಿ ಕೊಡದಿಂದ ತುಳುಕಿ ಬೀಳುತ್ತಿದ್ದ ನೀರಿನ ಸದ್ದೇ.

ಅಲ್ಲಿ ನುಣುಪಾದ ಹರಳು ಎಲ್ಲಿ ಸಿಗಬೇಕು. ಎಲ್ಲ ಮದ್ದಿಗೆ ಒಡೆದ ಮೊನೆಗಲ್ಲು. ಅದರಲ್ಲೇ ಐದು ಆರಿಸಿ ತೊಳೆದಿಟ್ಟಳು ಚೆನ್ನವ್ವ. ಅರಿಸಿನ ಹಚ್ಚುವಾಗ ಒಂದು ಕಲ್ಲು ಅವಳ ಬೆರಳು ಕೊಯ್ಯಿತು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಪೂಜೆ ಮುಂದುವರಿಸಿದಳು. ಉಡಿಗೆ ಗುಗ್ಗರಿ ಹಾಕುವುದು ಇನ್ನೂ ಮುಗಿದಿರಲಿಲ್ಲ, ಸೂಪರ್‌ವೈಸರ್ ಕೈಗಡಿಯಾರ ನೋಡಿದ. ನೀರು ಏರಿ ಕುಂಕುಮ ಹಚ್ಚಿದ ಹರಳನ್ನು ಮುಟ್ಟುತ್ತಿತ್ತು. ಚೆನ್ನವ್ವ ಅವಸರದಲ್ಲಿ ಕೊಡ ಅದ್ದಿದಳು. ಅವಳು ಕೊಡ ಎತ್ತಿ ಸೊಂಟಕ್ಕೆ ಇಡುವುದಕ್ಕೂ, ಅವಳಪ್ಪ ಹ್ಯಾಂಡಲ್ ತಿರುವಿ ಇಂಜಿನ್ ಎಬ್ಬಿಸುವುದಕ್ಕೂ ಸರಿಹೋಯಿತು. ಅವರು ನಮ್ಮ ಕಡೆ ಬೆನ್ನು ಮಾಡಿ ತಿರುವುತ್ತಿದ್ದರು. ಹರಳೂ ಎಲೆ ಅಡಿಕೆಯೂ ನೀರಿನ ಜೊತೆ ಪೈಪಿನ ಕಡೆಗೆ ಸರಿದವು. ನನ್ನ ಕೈಯಲ್ಲಿದ್ದ ಕೂಸು ಬೆಚ್ಚಿ ಅತ್ತಿತು.

ಮೇಲೆ ಹತ್ತಿ ಬಂದು ಹಳ್ಳದ ದಂಡೆಯಲ್ಲಿ ನಿಂತೆವು. ಪೈಪಿನಿಂದ ನೀರು ಹಾರಿ ಹಳ್ಳಕ್ಕೆ ಬೀಳುತ್ತಿತ್ತು. ನನ್ನ ಬೀಗತಿ, ಬಂದಾಗಿನಿಂದ ಮಾತಿಗೊಂದು ಕೊಂಕು ತೆಗೆದವಳು, ಕೆಳಗೆ ಒಂದು ಮಾತೂ ಆಡಿರಲಿಲ್ಲ. ಈಗ ಹಳ್ಳ ನೋಡುತ್ತ ಕೇಳಿದಳು, ಇದು ಎಲ್ಲಿಗೆ ಹೋಗುತ್ತದೆ ಅಂತ. ಹೊಳೆಗೆ ಅಂದೆ.

"ಹಂಗಾರ ನಮ್ಮ ಮಾಗಳಕ್ಕ ಬರ್ತೈತಿ," ಅಂದಳು. "ನಿಮ್ಮ ಮಗಳನ್ನೂ ಕರ್ಕೊಂಡು ಹೊಂಟೀವಿ, ನಿಮ್ಮ ಗಂಗವ್ವನ್ನೂ ಕರ್ಕೊಂಡು ಹೊಂಟೀವಿ. ನಿಮಗೇನು ಉಳೀತು ಬೀಗತಿ?"

ಅದು ಚುಚ್ಚಿದ್ದೋ, ಮರುಗಿದ್ದೋ ನನಗೆ ಅವತ್ತು ತಿಳಿಯಲಿಲ್ಲ. ಮಾಗಳಕ್ಕೆ ಹೋದ ಮೇಲೆ ಕೂಸಿಗೆ ಗಂಗಾ ಅಂತ ಹೆಸರಿಟ್ಟದ್ದು ಅವಳೇ ಅಂತ ಚೆನ್ನವ್ವ ಹೇಳಿ ಕಳಿಸಿದಾಗ ಸ್ವಲ್ಪ ತಿಳಿಯಿತು.

ಆಮೇಲೆ ಕೆಲವು ವರ್ಷ ಹಾಗೇ ನಡೆಯಿತು. ಒಂದು ಸಲ ಕಲ್ಲು ಮೊದಲಿನಷ್ಟು ಬೆಳ್ಳಗೆ ಬರುತ್ತಿಲ್ಲ, ಕಾರ್ಖಾನೆಗೆ ಬೇಡವಾಗಿದೆ ಅಂದರು. ಕಂಪ್ರೆಸರ್ ಹೋಯಿತು, ಇಂಜಿನ್ನನ್ನು ಲಾರಿಗೆ ಹಾಕಿಕೊಂಡು ಹೋದರು. ಮತ್ತೆ ಗಂಡಸರು ಗಂಟು ಕಟ್ಟಿಕೊಂಡು ಹೊಸಪೇಟೆ ಕಡೆ ಅದಿರಿನ ಕೆಲಸಕ್ಕೆ ಹೊರಟರು. ಗೌರವ್ವನ ಗಂಡ ಈಗಲೂ ಅಲ್ಲೇ ಇದ್ದಾನೆ. ನಮ್ಮ ಮನೆಯವರು ವಯಸ್ಸಾಯಿತು ಅಂತ ಉಳಿದು ಎರಡು ಎಮ್ಮೆ ನೋಡಿಕೊಂಡಿದ್ದಾರೆ. ಗುಂಡಿ ತುಂಬುತ್ತ ಬಂತು. ಅದು ತುಂಬಿದ ಹಾಗೆ, ಯಾರೂ ಕರೆಯದೆ, ಯಾರೂ ಹರಕೆ ಹೊರದೆ, ಬಾವಿಗೂ ನೀರು ಬಂತು. ನಾವು ಜಗಳವಾಡಿ ತಂದ ನೀರಲ್ಲ ಇದು. ಹೋದಾಗಲೂ ನಮ್ಮನ್ನು ಕೇಳಿ ಹೋಗಲಿಲ್ಲ, ಬಂದಾಗಲೂ ಕೇಳಿ ಬರಲಿಲ್ಲ.

ಹೋದ ವಾರ ಗುಡ್ಡಕ್ಕೆ ಜೀಪಿನಲ್ಲಿ ಯಾರೋ ಬಂದು ಕಲ್ಲುಗಳಿಗೆ ಕೆಂಪು ಬಣ್ಣದ ಗೆರೆ ಎಳೆದು ಹೋದರು. ಬೇರೆ ಸಾಹುಕಾರರಂತೆ, ಇನ್ನೂ ಆಳಕ್ಕೆ ಹೋದರೆ ಒಳ್ಳೆಯ ಕಲ್ಲು ಇದೆಯಂತೆ. ನಮ್ಮ ಮನೆಯ ಮುಂದೆಯೂ ನಿಂತಿದ್ದರು. ಗುಂಡಿಯ ನೀರು ತೆಗೆಯಬೇಕು, ಇಂಜಿನ್ ಬಲ್ಲವರು ನೀವೇ ಅಂತೆ, ಬರುತ್ತೀರಾ ಅಂತ ಕೇಳಿದರು. ಮನೆಯವರು ಎಮ್ಮೆಯ ಕೊರಳು ಉಜ್ಜುತ್ತ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಅವರು ಹೋಗದಿದ್ದರೆ ಇನ್ನೊಬ್ಬರು ಹೋಗುತ್ತಾರೆ. ಅದು ನಮಗಿಬ್ಬರಿಗೂ ಗೊತ್ತು. ಅದಕ್ಕೇ ನಾನು ರೇಣುಕಾಳ ಪೂಜೆಯನ್ನು ಮುಂದಿನ ಸೋಮವಾರದ ತನಕ ತಡೆಯಲಿಲ್ಲ. ಇವತ್ತೇ ಆಗಲಿ ಅಂದೆ.

ಆಯಿತಲ್ಲ. ಅಷ್ಟು ಸಾಕು. ಬಾವಿ ತಳದ ನುಣುಪು ಹರಳನ್ನೇ ಹುಡುಕಿ ತೆಗೆಸಿದ್ದೆ, ಯಾರ ಬೆರಳೂ ಕೊಯ್ಯಲಿಲ್ಲ. ಯಾರೂ ಗಡಿಯಾರ ನೋಡಲಿಲ್ಲ. ಬಂದವರಿಗೆಲ್ಲ ನಿಧಾನವಾಗಿ, ಎರಡೆರಡು ಸಲ ಗುಗ್ಗರಿ ಹಾಕಿದೆ. ಚೆನ್ನವ್ವ ತಂಗಿಯ ಜೊತೆ ತಾನೂ ಹಗ್ಗ ಹಿಡಿದು ಒಂದು ಕೊಡ ಸೇದಿದಳು. ಅವಳಿಗೆ ಯಾವ ಪೂಜೆಯೂ ಬಾಕಿ ಇರಲಿಲ್ಲ, ಆದರೂ ಸೇದಿದಳು.

ಸಂಜೆ ಅಂಗಳಕ್ಕೆ ಚಾಪೆ ಹಾಸಿ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂತೆವು. ಇಬ್ಬರು ಅಳಿಯಂದಿರು, ಇಬ್ಬರು ಹೆಣ್ಣುಮಕ್ಕಳು, ಮಾಗಳದ ಬೀಗತಿ, ಗೌರವ್ವ, ನಡುವೆ ತೊಟ್ಟಿಲು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಅನ್ನ. ಶಾಲೆಗೆ ಹೋಗುವ ನಮ್ಮ ಗಂಗಾ ತಾನೇ ನೀರು ಬಡಿಸುತ್ತೇನೆ ಅಂತ ಹಟ ಹಿಡಿದು ಚರಿಗೆ ಹಿಡಿದುಕೊಂಡು ಸಾಲಿನ ತುದಿಯಿಂದ ಹೊರಟಳು. ಬೀಗತಿ ಒಂದು ಗುಟುಕು ಕುಡಿದು, "ನಮ್ಮ ಹೊಳಿ ನೀರಿಗಿಂತ ಒಂದು ತೂಕ ಹೆಚ್ಚೇ ಬಿಡ್ರಿ," ಅಂದಳು. ಅಂಥ ಮಾತು ಅವಳ ಬಾಯಿಂದ ಬಂದದ್ದಕ್ಕೆ ಅಳಿಯಂದಿರು ನಕ್ಕರು.

ಗಂಗಾ ಅಜ್ಜನ ಲೋಟ ತುಂಬಿಸಿ ಅಲ್ಲೇ ನಿಂತಳು. ಮನೆಯವರು ಲೋಟ ಎತ್ತಿದರು. ಬಾಯಿಗೆ ಒಯ್ಯುವ ಮುಂಚೆ, ಅಷ್ಟು ವರ್ಷದ ರೂಢಿಯಂತೆ, ಮೂಗಿನ ಹತ್ತಿರ ಹಿಡಿದರು.

"ಯಾಕ ಅಜ್ಜಾ, ನೀರು ಮೂಸ್ತಿ?" ಅಂದಳು ಗಂಗಾ.

ನಾವೆಲ್ಲ ತುತ್ತು ಹಿಡಿದು ಅವರನ್ನೇ ನೋಡುತ್ತಿದ್ದೆವು. ಅವರು ಕಣ್ಣು ಮುಚ್ಚದೆ, ನಿಧಾನವಾಗಿ, ಲೋಟ ಪೂರ್ತಿ ಖಾಲಿ ಮಾಡಿ, ಅದನ್ನು ಮತ್ತೆ ಮೊಮ್ಮಗಳ ಮುಂದೆ ಚಾಚಿದರು. ಗಂಗಾ ತುಂಬಿಸಿದಳು. ನಾವು ಊಟ ಮುಂದುವರಿಸಿದೆವು.